ರೊಟ್ಟಿ ಗಿರಾಕಿಗೆ ವಾಟ್ಸಾಪೋ, ಎಸ್ಸೆಮ್ಮೆಸ್ಸೋ?

ಪ್ರಶ್ನೆ: ಸರ್, ನಮಸ್ಕಾರ. ಧಾರವಾಡದಲ್ಲಿ ನನ್ನದೊಂದು ಸಣ್ಣ ರೊಟ್ಟಿ ಘಟಕ ಇದೆ. ಹನ್ನೊಂದು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಬ್ಬಕ್ಕೆ ಉಂಡಿ, ಹೋಳಿಗೆ ಮಾಡುತ್ತೇವೆ. ಸುಮಾರು 900 ಗಿರಾಕಿಗಳ ನಂಬರ್ ನಮ್ಮ ಹತ್ತಿರ ಇವೆ. ಹುಬ್ಬಳ್ಳಿ-ಧಾರವಾಡದವರೇ ಜಾಸ್ತಿ. ಬೆಂಗಳೂರು, ಪುಣೆಗೂ ಪಾರ್ಸೆಲ್ ಹೋಗುತ್ತದೆ. ಎರಡು ವರ್ಷದಿಂದ ವಾಟ್ಸಾಪ್ ಗ್ರೂಪ್ ನಡೆಸುತ್ತಿದ್ದೇನೆ, ಜನ ಒಬ್ಬೊಬ್ಬರೇ ಬಿಟ್ಟು ಹೋಗುತ್ತಿದ್ದಾರೆ. ಬ್ರಾಡ್‌ಕಾಸ್ಟ್ ಮಾಡಿದರೆ, ಅಂದರೆ ಒಂದೇ ಸಂದೇಶವನ್ನು ಪಟ್ಟಿಯಲ್ಲಿರುವ ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸಿದರೆ, ಅರ್ಧ ಜನಕ್ಕೆ ಮುಟ್ಟುವುದೇ ಇಲ್ಲ. ಕಳೆದ ದೀಪಾವಳಿಗೆ ಯಾರೋ ಕೊಟ್ಟ ಸಾಫ್ಟ್‌ವೇರಿನಿಂದ ಎಲ್ಲರಿಗೂ ಒಮ್ಮೆಗೇ ಕಳಿಸಿದೆ, ನನ್ನ ನಂಬರೇ ಬಂದ್ ಆಯಿತು. ಈಗ ನಮ್ಮ ಅಕ್ಕನ ಮಗನ ಹೆಸರಿನ ಸಿಮ್ ಹಾಕಿಕೊಂಡು ನಡೆಸುತ್ತಿದ್ದೇವೆ. ಒಬ್ಬರು ಬಲ್ಕ್ ಎಸ್ಸೆಮ್ಮೆಸ್ ತಗೊಳ್ಳಿ ಅಂತಾರೆ, ಇನ್ನೊಬ್ಬರು ವಾಟ್ಸಾಪ್ ಎಪಿಐ ಅಂತಾರೆ, ಮಗಳು ಟೆಲಿಗ್ರಾಂ ಅಂತಾಳೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ಅಕ್ಕಾವರೇ, ನಮಸ್ಕಾರ. ಸದ್ಯಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಎಂಟು ದಿನ ತಡೆಯಿರಿ. ಒಂದು ನೋಟ್‌ಬುಕ್ ತಗೊಂಡು, ಆ ಎಂಟು ದಿನ ಗಿರಾಕಿಗೂ ನಿಮಗೂ ನಡುವೆ ಹೋಗಿಬರುವ ಒಂದೊಂದು ಸಂದೇಶವನ್ನೂ ಒಂದೊಂದು ಸಾಲಿನಲ್ಲಿ ಬರೆದಿಡಿ. 'ನಾಳೆ 40 ರೊಟ್ಟಿ ಬೇಕು ಅಂದರು.' 'ಪಾರ್ಸೆಲ್ ಎಲ್ಲಿಗೆ ಬಂತು ಅಂತ ಕೇಳಿದರು.' 'ಚಟ್ನಿಯಲ್ಲಿ ಬೆಳ್ಳುಳ್ಳಿ ಹಾಕಬೇಡಿ ಅಂದರು.' ಹೀಗೆ.

ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸಣ್ಣ ಅಂಗಡಿ, ಲ್ಯಾಬು, ಕ್ಲಿನಿಕ್ಕುಗಳವರ ಜೊತೆ ಕೂತು ಈ ಪಟ್ಟಿ ಮಾಡಿಸಿದಾಗೆಲ್ಲ ಒಂದೇ ಸಂಗತಿ ಕಂಡಿದ್ದೇನೆ. ಎಲ್ಲರೂ ಮೊದಲು ಯೋಚಿಸುವುದು ಜಾಹೀರಾತಿನ ಬಗ್ಗೆ. 'ಎಲ್ಲರಿಗೂ ಒಮ್ಮೆಗೇ ಹೇಗೆ ಕಳಿಸೋದು?' ಅಂತಲೇ ಕೇಳುತ್ತಾರೆ. ಪಟ್ಟಿ ಮಾಡಿ ನೋಡಿದರೆ ಅಂಥ ಸಂದೇಶ ತಿಂಗಳಿಗೆ ಎರಡೋ ಮೂರೋ. ಉಳಿದದ್ದೆಲ್ಲ ಒಬ್ಬರ ಜೊತೆ ಒಬ್ಬರು ಆಡುವ ಮಾತು. ನಿಮ್ಮ ವ್ಯಾಪಾರ ನಿಂತಿರುವುದು ಆ ಮಾತಿನ ಮೇಲೆ.

ನಾನು ಸಂದೇಶಗಳನ್ನು ಮೂರು ಬಗೆ ಮಾಡಿಕೊಳ್ಳುತ್ತೇನೆ. ಒಂದು ಮಾತು, ಅದಕ್ಕೆ ಉತ್ತರ ಬೇಕು: ಆರ್ಡರ್, ಬದಲಾವಣೆ, ದೂರು. ಇನ್ನೊಂದು ಸುದ್ದಿ, ಅದಕ್ಕೆ ಉತ್ತರ ಬೇಡ, ಆದರೆ ಮುಟ್ಟಲೇಬೇಕು: ಪಾರ್ಸೆಲ್ ಬಸ್ಸಿಗೆ ಹಾಕಿದೆವು, ನಾಳೆ ಘಟಕಕ್ಕೆ ರಜೆ. ಮೂರನೆಯದು ಕೂಗು, ಸಂತೆಯಲ್ಲಿ ಕೂಗುತ್ತಾರಲ್ಲ ಹಾಗೆ: ಪಂಚಮಿ ಉಂಡಿ ಬಂದಿವೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸಿದ್ಧ. ಕೂಗು ಎಲ್ಲರಿಗೂ ಮುಟ್ಟದಿದ್ದರೂ ನಡೆಯುತ್ತದೆ. ಈ ಮೂರೂ ಒಂದೇ ದಾರಿಯಲ್ಲಿ ಹೋಗಬೇಕು ಅಂತ ಹಟ ಮಾಡಿದಾಗಲೇ ತೊಂದರೆ ಶುರುವಾಗುವುದು. ನಿಮ್ಮ ಗ್ರೂಪಿನಲ್ಲಿ ಆದದ್ದೂ ಅದೇ. ಒಬ್ಬರ ಆರ್ಡರಿನ ಮಾತು, ಎಲ್ಲರಿಗೂ ಹೇಳುವ ಸುದ್ದಿ, ಹಬ್ಬದ ಕೂಗು, ಜೊತೆಗೆ ಯಾರೋ ಹಾಕಿದ ಗುಡ್ ಮಾರ್ನಿಂಗ್ ಚಿತ್ರ, ಎಲ್ಲ ಒಂದೇ ಕಡೆ ಬಂದು ಬಿದ್ದವು. ಜನಕ್ಕೆ ಸಾಕಾಯಿತು.

ಗ್ರೂಪಿನ ವಿಷಯ ಬಂತಲ್ಲ, ಅದನ್ನು ಮೊದಲು ಮುಗಿಸಿಬಿಡೋಣ. ದಯವಿಟ್ಟು ಅದನ್ನು ನಿಲ್ಲಿಸಿ. ಜನ ಬಿಟ್ಟು ಹೋಗುತ್ತಾರೆ ಅನ್ನುವುದು ಸಣ್ಣ ಕಾರಣ. ಗ್ರೂಪಿನಲ್ಲಿರುವ ಪ್ರತಿಯೊಬ್ಬರಿಗೂ ಉಳಿದವರೆಲ್ಲರ ನಂಬರ್ ಕಾಣುತ್ತದೆ ಅನ್ನುವುದು ದೊಡ್ಡ ಕಾರಣ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಮನೆಯಲ್ಲೇ ಸೀರೆ ಮಾರುತ್ತಿದ್ದರು. ಅವರ ಗ್ರೂಪಿಗೆ ಗಿರಾಕಿ ಅಂತ ಸೇರಿಕೊಂಡ ಯಾರೋ ಅಲ್ಲಿಂದ ನಂಬರ್ ತೆಗೆದುಕೊಂಡು ಕೆಲವು ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ಸಂದೇಶ ಕಳಿಸತೊಡಗಿದ. ಅವರು ಗ್ರೂಪ್ ಮುಚ್ಚುವಷ್ಟರಲ್ಲಿ ಒಳ್ಳೆಯ ಗಿರಾಕಿಗಳು ಹೋಗಿಯಾಗಿತ್ತು. ಗಿರಾಕಿ ನಿಮಗೆ ನಂಬರ್ ಕೊಟ್ಟದ್ದು ರೊಟ್ಟಿ ಸಲುವಾಗಿ. ಅದನ್ನು 300 ಜನರ ಮುಂದೆ ಇಡುವ ಹಕ್ಕು ನಮಗಿಲ್ಲ.

ಈಗ ಮಾತಿನ ಬಗ್ಗೆ. ಇಲ್ಲಿ ಜಾಸ್ತಿ ಯೋಚನೆ ಬೇಕಾಗಿಲ್ಲ. ನಿಮ್ಮ ಗಿರಾಕಿಗಳು ವಾಟ್ಸಾಪಿನಲ್ಲೇ ಇದ್ದಾರೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ಆಗಲೇ ಭಾರತದಲ್ಲಿ 53 ಕೋಟಿ ಜನ ಅದನ್ನು ಬಳಸುತ್ತಿದ್ದರು. ಮಗಳಿಗೆ ಟೆಲಿಗ್ರಾಂ ಚೆನ್ನಾಗಿ ಕಾಣುವುದು ಸಹಜ. ಅಲ್ಲಿ ಒಂದು ಗ್ರೂಪಿಗೆ ಎರಡು ಲಕ್ಷ ಜನ ಸೇರಬಹುದು, ಪರೀಕ್ಷೆಗೆ ಓದುವ ಹುಡುಗರು ನೋಟ್ಸಿಗಾಗಿ ಅಲ್ಲೇ ಇರುತ್ತಾರೆ. ಆದರೆ ರೊಟ್ಟಿ ತರಿಸುವ ಮನೆಯ ಯಜಮಾನತಿ ಅಲ್ಲಿ ಇದ್ದಾರಾ? ಅವರನ್ನು ಹೊಸ ಆ್ಯಪಿಗೆ ಕರೆದೊಯ್ಯುವ ಕೆಲಸ ನಿಮಗೆ ಬೇಡ.

ನೀವು ಬಳಸಬೇಕಾದದ್ದು ವಾಟ್ಸಾಪ್ ಬಿಸಿನೆಸ್ ಆ್ಯಪ್. 2018ರ ಜನವರಿಯಲ್ಲಿ ಬಂದದ್ದು. ದುಡ್ಡಿಲ್ಲ. ಸಾಮಾನ್ಯ ವಾಟ್ಸಾಪಿನ ಹಾಗೇ ಇರುತ್ತದೆ, ಅಂಗಡಿಯವರಿಗೆ ಬೇಕಾದ ಕೆಲವು ಅನುಕೂಲ ಜಾಸ್ತಿ. ಪದಾರ್ಥಗಳ ಫೋಟೊ ಮತ್ತು ದರ ಇಡುವ ಕ್ಯಾಟಲಾಗ್ ಇದೆ. ರಾತ್ರಿ ಬಂದ ಸಂದೇಶಕ್ಕೆ 'ಬೆಳಿಗ್ಗೆ 9ಕ್ಕೆ ಉತ್ತರ ಕೊಡುತ್ತೇವೆ' ಅಂತ ತಾನೇ ಹೇಳುತ್ತದೆ. ಲೇಬಲ್ ಅಂತ ಒಂದಿದೆ, ಅದು ನಿಮಗೆ ಬಹಳ ಉಪಯೋಗ: 'ಹೊಸ ಆರ್ಡರ್', 'ದುಡ್ಡು ಬಾಕಿ', 'ಪಾರ್ಸೆಲ್ ಹೋಗಿದೆ' ಅಂತ ಒಂದೊಂದು ಮಾತುಕತೆಗೂ ಬಣ್ಣದ ಚೀಟಿ ಅಂಟಿಸಬಹುದು. ಒಂದೇ ನಂಬರನ್ನು ಫೋನಲ್ಲದೆ ಇನ್ನೂ ನಾಲ್ಕು ಕಡೆ ತೆರೆದಿಡಬಹುದು. ಅಂದರೆ ನೀವು, ಮಗಳು, ಪ್ಯಾಕಿಂಗ್ ನೋಡುವವರು ಮೂರೂ ಜನ ಉತ್ತರ ಕೊಡಬಹುದು. ಫೋನು ಯಾರ ಕೈಯಲ್ಲಿದೆ ಅಂತ ಹುಡುಕುವುದು ತಪ್ಪುತ್ತದೆ.

ಒಂದು ರೂಢಿಯನ್ನು ಮಾತ್ರ ಇವತ್ತೇ ಶುರು ಮಾಡಿ. ನಮ್ಮ ಜನ ಆರ್ಡರನ್ನು ಬರೆದು ಕಳಿಸುವುದು ಕಡಿಮೆ, ವಾಯ್ಸ್ ಮೆಸೇಜ್ ಹಾಕುತ್ತಾರೆ. ಹಿಂದೆ ಮಿಕ್ಸರ್ ಸದ್ದು, ಮಗು ಅಳುವ ಸದ್ದು, ನಡುವೆ 'ಅಗಸಿ ಚಟ್ನಿ ಅರ್ಧ, ಅಲ್ಲಲ್ಲ, ಪಾವು ಕೆಜಿ ಸಾಕು, ಶುಕ್ರವಾರ... ಇಲ್ಲ ಶನಿವಾರ ಕೊಡ್ರಿ'. ಕೇಳಿದವರು ಒಬ್ಬರು, ಪ್ಯಾಕ್ ಮಾಡುವವರು ಇನ್ನೊಬ್ಬರು. ಆ ಮೇಲೆ ಹುಡುಕಿದರೆ ವಾಯ್ಸ್ ಮೆಸೇಜಿನಲ್ಲಿ 'ಅಗಸಿ' ಅಂತ ಟೈಪ್ ಮಾಡಿ ಹುಡುಕಲು ಆಗುವುದಿಲ್ಲ. ಅದಕ್ಕೇ, ಯಾವ ಆರ್ಡರ್ ಬಂದರೂ ನೀವು ಅಕ್ಷರದಲ್ಲಿ ತಿರುಗಿ ಬರೆಯಿರಿ: '50 ಕಡಕ್ ರೊಟ್ಟಿ, ಕಾಲು ಕೆಜಿ ಅಗಸಿ ಚಟ್ನಿ, ಶನಿವಾರ ಬೆಳಿಗ್ಗೆ, ಒಟ್ಟು ಇಷ್ಟು ರೂಪಾಯಿ. ಸರಿ ಇದ್ದರೆ ಹೌದು ಅನ್ನಿ.' ಅವರು ಹೌದು ಅನ್ನುವ ತನಕ ಅದು ಆರ್ಡರ್ ಅಲ್ಲ. ಇದಕ್ಕೆ ಒಂದು ನಿಮಿಷ ಹಿಡಿಯುತ್ತದೆ. ನಾನು ನೋಡಿದ ಅಂಗಡಿಗಳಲ್ಲಿ ಅರ್ಧಕ್ಕರ್ಧ ಜಗಳ ಇದರಿಂದಲೇ ನಿಂತಿವೆ. ಹೌದು ಅಂದ ಮೇಲೆ ಅದೇ ಸಾಲನ್ನು ಪುಸ್ತಕಕ್ಕೂ ಇಳಿಸಿ. ಪುಸ್ತಕ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೂಗಿನ ವಿಷಯಕ್ಕೆ ಬರೋಣ, ನಿಮಗೆ ಪೆಟ್ಟು ಬಿದ್ದದ್ದು ಅಲ್ಲೇ ಅಲ್ವಾ. ಬ್ರಾಡ್‌ಕಾಸ್ಟ್ ಅರ್ಧ ಜನಕ್ಕೆ ಮುಟ್ಟದಿರಲು ಕಾರಣ ಬಹಳ ಸರಳ. ಯಾರು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು. ಒಂದು ಪಟ್ಟಿಗೆ 256 ಜನ ಅನ್ನುವ ಮಿತಿಯೂ ಇದೆ. ಆ ಸಾಫ್ಟ್‌ವೇರ್ ಮಾರಿದವರು ಈ ಎರಡು ಬೇಲಿಗಳನ್ನೂ ದಾಟಿಸುತ್ತೇವೆ ಅಂದಿರುತ್ತಾರೆ. ಅದು ಮಾಡುವುದಿಷ್ಟೇ: ನಿಮ್ಮ ವಾಟ್ಸಾಪ್ ತೆರೆದಿಟ್ಟು, ಮನುಷ್ಯ ಟೈಪ್ ಮಾಡಿದ ಹಾಗೆ ನಟಿಸಿ, ಒಬ್ಬರಾದ ಮೇಲೆ ಒಬ್ಬರಿಗೆ ಕಳಿಸುತ್ತಾ ಹೋಗುತ್ತದೆ. ವಾಟ್ಸಾಪಿನ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ. ಗುರುತಿಲ್ಲದ ನಂಬರಿನಿಂದ ಜಾಹೀರಾತು ಬಂತು ಅಂತ ಹತ್ತಾರು ಜನ ಬ್ಲಾಕ್ ಒತ್ತುತ್ತಾರೆ, ರಿಪೋರ್ಟ್ ಒತ್ತುತ್ತಾರೆ, ನಂಬರ್ ಬಂದ್ ಆಗುತ್ತದೆ. ಹೀಗೆ ಬಂದ್ ಆಗುವ ಭಾರತದ ಖಾತೆಗಳ ಲೆಕ್ಕವನ್ನು ವಾಟ್ಸಾಪ್ ತಿಂಗಳ ವರದಿಯಲ್ಲಿ ಕೊಡುತ್ತದೆ. ಲಕ್ಷಗಟ್ಟಲೆ ಇರುತ್ತವೆ. ನಿಮ್ಮದು ಅದರಲ್ಲಿ ಒಂದಾಯಿತು. ಅಂಥ ಸಾಫ್ಟ್‌ವೇರನ್ನು ಇನ್ನೊಮ್ಮೆ ಮುಟ್ಟಬೇಡಿ, ಹೊಸ ಹೆಸರಿನಲ್ಲಿ ಬಂದರೂ.

ಹಾಗಾದರೆ ಜನ ನಿಮ್ಮ ನಂಬರ್ ಸೇವ್ ಮಾಡಿಕೊಳ್ಳುವಂತೆ ಮಾಡುವುದು ಹೇಗೆ? ನಿಮ್ಮ ಹತ್ತಿರ ಒಂದು ದಾರಿ ಇದೆ, ನೀವು ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ರೊಟ್ಟಿ ಪಾಕೀಟು! ಅದು ಪ್ರತಿ ಗಿರಾಕಿಯ ಅಡುಗೆಮನೆಗೆ ಹೋಗುತ್ತದೆ, ನಾಲ್ಕಾರು ದಿನ ಅಲ್ಲೇ ಇರುತ್ತದೆ. ವಾಟ್ಸಾಪ್ ಬಿಸಿನೆಸ್ ಆ್ಯಪ್ ನಿಮ್ಮ ನಂಬರಿನದೇ ಒಂದು ಕ್ಯೂಆರ್ ಕೋಡ್ ಮಾಡಿಕೊಡುತ್ತದೆ. ಅದನ್ನು ಒಂದು ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿಸಿ ಪಾಕೀಟಿನೊಳಗೆ ಇಡಿ. ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ: 'ಈ ನಂಬರ್ ಸೇವ್ ಮಾಡಿಕೊಂಡು, ರೊಟ್ಟಿ ಅಂತ ಒಂದು ಮೆಸೇಜ್ ಕಳಿಸಿ. ಹಬ್ಬದ ತಿನಿಸು ತಯಾರಾದಾಗ ತಿಳಿಸುತ್ತೇವೆ. ಬೇಡ ಅಂದರೆ ನಿಲ್ಲಿಸುತ್ತೇವೆ.' ಯಾರು 'ರೊಟ್ಟಿ' ಅಂತ ಕಳಿಸುತ್ತಾರೋ ಅವರು ತಾವಾಗಿ ಒಪ್ಪಿಗೆ ಕೊಟ್ಟ ಹಾಗಾಯಿತು. ಕೆಲವು ತಿಂಗಳಲ್ಲಿ 900ರಲ್ಲಿ 400 ಜನ ಬಂದರೂ ಸಾಕು. ಕೇಳಿ ಬಂದ 400 ಜನ, ಕೇಳದ 900ಕ್ಕಿಂತ ನಿಮಗೆ ಬೆಲೆಬಾಳುವವರು.

ಅವರನ್ನೂ ಒಂದೇ ಪಟ್ಟಿಗೆ ಹಾಕಬೇಡಿ. ಊರವರು ಒಂದು ಪಟ್ಟಿ, ಪಾರ್ಸೆಲ್ ತರಿಸುವವರು ಇನ್ನೊಂದು. ಯಾಕೆಂದರೆ ಕಾಲ ಬೇರೆ. ಪಂಚಮಿ ಉಂಡಿಯ ಸುದ್ದಿ ಧಾರವಾಡದವರಿಗೆ ಒಂದು ವಾರ ಮೊದಲು ಹೇಳಿದರೆ ನಡೆಯುತ್ತದೆ. ಬೆಂಗಳೂರು, ಪುಣೆಯವರಿಗೆ ಎರಡು ವಾರ ಮೊದಲು ಹೇಳಬೇಕು, ಇಲ್ಲವಾದರೆ ಹಬ್ಬ ಮುಗಿದ ಮೇಲೆ ಉಂಡಿ ತಲುಪುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆಗಳೇ ಬೇರೆ, ಅವರಿಗೆ ಬೇಕಾದ ರೊಟ್ಟಿಯ ಲೆಕ್ಕವೇ ಬೇರೆ. ತಿಂಗಳಿಗೆ ಎರಡು ಕೂಗು ಸಾಕು. ದಿನದ ಸಣ್ಣಪುಟ್ಟ ಸಂಗತಿ, ಬಿಸಿ ಹೋಳಿಗೆಯ ಫೋಟೊ, ಒಲೆಯ ಮುಂದೆ ರೊಟ್ಟಿ ಬಡಿಯುವ ವಿಡಿಯೊ, ಇವನ್ನು ಸ್ಟೇಟಸ್ಸಿಗೆ ಹಾಕಿ. ಅದು 24 ಗಂಟೆ ಇರುತ್ತದೆ, ನೋಡಬೇಕಾದವರು ನೋಡುತ್ತಾರೆ, ಯಾರ ಫೋನೂ ಟಣ್ ಅನ್ನುವುದಿಲ್ಲ. ಗ್ರೂಪಿನಲ್ಲಿ ಈಗ ಉಳಿದಿರುವವರಿಗೆ ವಾಟ್ಸಾಪ್ ಚಾನೆಲ್ ಮಾಡಿಕೊಡಿ. 2023ರ ಸೆಪ್ಟೆಂಬರಿನಿಂದ ಭಾರತದಲ್ಲಿ ಅದು ಇದೆ. ಅಲ್ಲಿ ನೀವು ಹೇಳುತ್ತೀರಿ, ಅವರು ಓದುತ್ತಾರೆ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ.

ಈಗ ಬಲ್ಕ್ ಎಸ್ಸೆಮ್ಮೆಸ್, ಅಂದರೆ ನೂರಾರು ಜನಕ್ಕೆ ಒಮ್ಮೆಗೇ ಕಳಿಸುವ ವ್ಯಾಪಾರದ ಎಸ್ಸೆಮ್ಮೆಸ್. ಇದನ್ನು ಹಗುರವಾಗಿ ನೋಡುವವನು ನಾನಲ್ಲ. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ಕ್ರಿಸ್ಮಸ್ ಶುಭಾಶಯ ಹೇಳಿ ಕಳಿಸಿದ್ದು ಮೊದಲ ಎಸ್ಸೆಮ್ಮೆಸ್. ಇವತ್ತಿಗೂ ಇಂಟರ್ನೆಟ್ ಇಲ್ಲದ, ಬಟನ್ ಇರುವ ಫೋನಿಗೂ ತಲುಪುವ ಬರಹ ಅದೊಂದೇ. ಬ್ಯಾಂಕು, ಗ್ಯಾಸ್, ಕರೆಂಟಿನವರು ಅದನ್ನು ಬಿಡದಿರುವುದು ಅದಕ್ಕೇ. ಆದರೆ ಭಾರತದಲ್ಲಿ ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಲು ಮೊದಲು ಕಾಗದಪತ್ರದ ಕೆಲಸ ಇದೆ, ಮಾರುವವರು ಅದನ್ನು ಪೂರ್ತಿ ಹೇಳುವುದಿಲ್ಲ.

ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ, ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನಿಮ್ಮ ಘಟಕದ ಹೆಸರು ನೋಂದಾಯಿಸಬೇಕು. ಕಳಿಸುವವರ ಜಾಗದಲ್ಲಿ ಕಾಣುವ ಆರು ಅಕ್ಷರದ ಹೆಸರಿಗೆ, ಅಂದರೆ ಹೆಡರಿಗೆ, ಒಪ್ಪಿಗೆ ಪಡೆಯಬೇಕು. ಕಳಿಸುವ ಪ್ರತಿಯೊಂದು ಸಂದೇಶದ ಒಕ್ಕಣೆಯನ್ನೂ ಮೊದಲೇ ಕೊಟ್ಟು ಮಂಜೂರು ಮಾಡಿಸಬೇಕು. ಹೆಸರು, ಮೊತ್ತ, ದಿನ ಮಾತ್ರ ಬದಲಾಗಬಹುದು. ಉಳಿದದ್ದರಲ್ಲಿ ಒಂದು ಪದ ಆಚೀಚೆ ಆದರೂ ಸಂದೇಶ ಹೋಗುವುದಿಲ್ಲ. 2024ರ ಅಕ್ಟೋಬರ್ 1ರಿಂದ ಸಂದೇಶದೊಳಗಿನ ಲಿಂಕನ್ನೂ ಮೊದಲೇ ನೋಂದಾಯಿಸಬೇಕು. ಈಚೆಗೆ ನಿಮಗೆ ಬರುವ ಎಸ್ಸೆಮ್ಮೆಸ್ಸುಗಳ ಹೆಸರಿನ ಕೊನೆಗೆ ಪಿ, ಎಸ್, ಟಿ, ಜಿ ಅಂತ ಇಂಗ್ಲಿಷಿನ ಒಂದು ಅಕ್ಷರ ಕಾಣುತ್ತದೆ, ಗಮನಿಸಿದ್ದೀರಾ? ಪ್ರಚಾರ, ಸೇವೆ, ವಹಿವಾಟು, ಸರ್ಕಾರ ಅಂತ ಅದರ ಅರ್ಥ. ಓದುವವರಿಗೆ ಜಾಹೀರಾತು ಯಾವುದು, ಕೆಲಸದ್ದು ಯಾವುದು ಅಂತ ಗೊತ್ತಾಗಲಿ ಅಂತ 2025ರಲ್ಲಿ ಬಂದದ್ದು.

ಈ ನಿಯಮಗಳು ಬಿಗಿಯಾದ ದಿನ ನನಗೆ ಚೆನ್ನಾಗಿ ನೆನಪಿದೆ. 2021ರ ಮಾರ್ಚ್ 8. ಮಂಜೂರಾಗದ ಸಂದೇಶಗಳನ್ನು ತಡೆಯಲು ಶುರು ಮಾಡಿದ ಕೂಡಲೇ ದೇಶದ ತುಂಬ ಬ್ಯಾಂಕಿನ ಓಟಿಪಿಗಳೇ ನಿಂತುಹೋದವು. ಟ್ರಾಯ್ ಒಂದು ವಾರ ಆ ತಡೆಯನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು. ನಾನು ಆಗ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಸಂದೇಶದ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಒಂದು ಒಕ್ಕಣೆಯನ್ನು ನೋಂದಾಯಿಸುವುದು ನನ್ನಿಂದ ತಪ್ಪಿಹೋಗಿತ್ತು. ರಿಪೋರ್ಟ್ ತಯಾರಾಗಿದೆ ಎಂಬ ಸಂದೇಶ ಆ ದಿನ ಯಾರಿಗೂ ಹೋಗಲಿಲ್ಲ. ವಯಸ್ಸಾದವರು ಬಿಸಿಲಲ್ಲಿ ಬಂದು ಸಾಲಿನಲ್ಲಿ ನಿಂತರು. ಅವತ್ತಿನಿಂದ ಯಾವ ಅಂಗಡಿಗೆ ಹೋದರೂ, ಮುಟ್ಟಲೇಬೇಕಾದ ಸುದ್ದಿಗೆ ಎರಡನೇ ದಾರಿ ಏನು ಅಂತ ಮೊದಲು ಕೇಳುತ್ತೇನೆ.

ಕನ್ನಡದಲ್ಲಿ ಕಳಿಸುವವರಿಗೆ ಇನ್ನೊಂದು ಲೆಕ್ಕ ಇದೆ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ. ಕನ್ನಡದಲ್ಲಿ 70 ಮಾತ್ರ. ಅದೂ ನಾವು ಎಣಿಸುವ ಅಕ್ಷರ ಅಲ್ಲ. ಗುಣಿತದ ಚಿಹ್ನೆ ಬೇರೆ, ಒತ್ತಕ್ಷರ ಮಾಡುವ ಅರ್ಧಾಕ್ಷರದ ಗುರುತು ಬೇರೆ ಅಂತ ಎಣಿಕೆಯಾಗುತ್ತದೆ. 'ನಮಸ್ಕಾರ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಎಸ್ಸೆಮ್ಮೆಸ್ ಲೆಕ್ಕದಲ್ಲಿ ಏಳು. ಈ ಸಂದೇಶ ನೋಡಿ: 'ನಮಸ್ಕಾರ. ನಿಮ್ಮ ರೊಟ್ಟಿ ಪಾರ್ಸೆಲ್ ಇಂದು ಬಸ್ಸಿಗೆ ಹಾಕಿದ್ದೇವೆ. ನಾಳೆ ಬೆಳಿಗ್ಗೆ ತಲುಪುತ್ತದೆ.' ಎಷ್ಟು ಚಿಕ್ಕದು ಅಲ್ವಾ? ಎಣಿಸಿದರೆ 81. ಎರಡು ಎಸ್ಸೆಮ್ಮೆಸ್ಸಿನ ದುಡ್ಡು ಹೋಗುತ್ತದೆ. 'ನಮಸ್ಕಾರ' ತೆಗೆದರೂ 72. 'ಇಂದು' ಅನ್ನುವುದನ್ನೂ ತೆಗೆದರೆ 67, ಆಗ ಒಂದರಲ್ಲಿ ಹಿಡಿಸುತ್ತದೆ. ಘಟಕದ ಹೆಸರು ಸೇರಿಸಿದರೆ ಮತ್ತೆ ಎರಡು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ದುಡ್ಡು ಉಳಿಯುತ್ತದೆ ಅಂತ ಏಜೆಂಟರು ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಅದನ್ನು ಓದಲು ಕಷ್ಟಪಡುವವರು ನಿಮ್ಮ ಹಳೆಯ ಗಿರಾಕಿಗಳೇ. ಕಳಿಸುವುದಾದರೆ ಕನ್ನಡ ಲಿಪಿಯಲ್ಲೇ ಕಳಿಸಿ, ಎರಡರ ದುಡ್ಡು ಕೊಡಿ.

ನಿಮಗೆ ಇದು ಬೇಕಾ? ಈಗ ಬೇಡ. ವರ್ಷಕ್ಕೆ ನಾಲ್ಕು ಹಬ್ಬಕ್ಕೆ 900 ಜನಕ್ಕೆ ಕಳಿಸಲು ನೋಂದಣಿ, ಹೆಡರ್, ಒಕ್ಕಣೆ ಅಂತ ಓಡಾಡುವುದು ಹೊರೆ. ಜೊತೆಗೆ, ಪ್ರಚಾರದ ಕರೆ-ಸಂದೇಶ ಬೇಡ ಅಂತ 1909 ಎಂಬ ನಂಬರಿಗೆ ತಿಳಿಸಿದವರಿಗೆ ನಿಮ್ಮ ಹಬ್ಬದ ಎಸ್ಸೆಮ್ಮೆಸ್ ಹೋಗುವುದೇ ಇಲ್ಲ. ಹಾಗಂತ ಸಾಮಾನ್ಯ ಸಿಮ್ಮಿನಿಂದ ನೂರಾರು ಜನಕ್ಕೆ ಜಾಹೀರಾತಿನ ಎಸ್ಸೆಮ್ಮೆಸ್ ಕಳಿಸಲು ಮಾತ್ರ ಹೋಗಬೇಡಿ. ಅದಕ್ಕೆ ಅವಕಾಶವಿಲ್ಲ. ದೂರು ಹೋದರೆ ನಂಬರೇ ಕಟ್ ಆಗುತ್ತದೆ. ವಾಟ್ಸಾಪ್ ಇಲ್ಲದ ಹಿರಿಯ ಗಿರಾಕಿಗಳು ನಿಮ್ಮ ಪಟ್ಟಿಯಲ್ಲಿ ಎಷ್ಟು ಜನ ಇರಬಹುದು? ಐವತ್ತು? ಅರವತ್ತು? ಅವರಿಗೆ ಫೋನ್ ಮಾಡಿ. 'ಕಾಕಾ, ರೊಟ್ಟಿ ಬಸ್ಸಿಗೆ ಹಾಕೀವ್ರಿ' ಅಂತ ಒಂದು ಮಾತು ಹೇಳಿ. ಅವರಿಗೆ ಅದೇ ಇಷ್ಟ. ಯಾವ ಸಾಫ್ಟ್‌ವೇರೂ ಆ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಮಾಡುವುದಿಲ್ಲ. ಊರಿಂದೂರಿಗೆ ಹತ್ತಾರು ಪಾರ್ಸೆಲ್ ದಿನಾ ಹೋಗುವ ಕಾಲ ಬಂದಾಗ ಎಸ್ಸೆಮ್ಮೆಸ್ ನೋಂದಣಿ ಮಾಡಿಸಿ. ಕೂಗಿಗಲ್ಲ, ಸುದ್ದಿಗೆ.

ಎಪಿಐ ಬಗ್ಗೆಯೂ ಇದೇ ಮಾತು, ಸ್ವಲ್ಪ ಬೇರೆ ಕಾರಣಕ್ಕೆ. ಎಪಿಐ ಅಂದರೆ ಆ್ಯಪ್ ಇಲ್ಲದೆ, ನಡುವಿನ ಒಂದು ಕಂಪನಿಯ ಸಾಫ್ಟ್‌ವೇರನ್ನು ನೇರವಾಗಿ ವಾಟ್ಸಾಪಿಗೆ ಜೋಡಿಸಿ ಸಂದೇಶ ಕಳಿಸುವ ದಾರಿ. ಅದು ದೊಡ್ಡ ಸಂಖ್ಯೆಗೆ ಮಾಡಿದ್ದು. ನಮ್ಮ ಮೆಟ್ರೊ 2022ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ವಾಟ್ಸಾಪಿನಲ್ಲೇ ಕ್ಯೂಆರ್ ಟಿಕೆಟ್ ಕೊಡಲು ಶುರು ಮಾಡಿತು. ಕನ್ನಡದಲ್ಲೂ ಮಾತಾಡುತ್ತದೆ. ಅಲ್ಲಿ ಅದು ಸರಿ. ಲಕ್ಷಾಂತರ ಜನ ಕೇಳುವುದು ಒಂದೇ ಪ್ರಶ್ನೆ: ಎಲ್ಲಿಂದ, ಎಲ್ಲಿಗೆ? ನಿಮ್ಮ ಗಿರಾಕಿ ಕೇಳುವುದು 'ಈ ಸಲ ಜೋಳ ಯಾವುದು, ಬಿಳಿಜೋಳನಾ?' ಅಂತ. ಅದಕ್ಕೆ ಯಂತ್ರ ಉತ್ತರ ಕೊಟ್ಟರೆ ಅವರು ಬೇಜಾರಾಗಿ ಫೋನ್ ಕೆಳಗಿಡುತ್ತಾರೆ.

ದುಡ್ಡಿನ ಲೆಕ್ಕವನ್ನೂ ತಿಳಿದಿರಿ. ಎಪಿಐಯಲ್ಲಿ ಗಿರಾಕಿ ನಿಮಗೆ ಬರೆದ ಮೇಲೆ 24 ಗಂಟೆ ಬಾಗಿಲು ತೆರೆದಿರುತ್ತದೆ. ಅಷ್ಟರೊಳಗೆ ನೀವು ಬರೆಯುವ ಉತ್ತರಕ್ಕೆ ವಾಟ್ಸಾಪ್ ದುಡ್ಡು ಕೇಳುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ನೀವಾಗಿ ಬರೆಯಬೇಕಾದರೆ ಮಂಜೂರಾದ ಒಕ್ಕಣೆಯೇ ಬೇಕು, ಅದಕ್ಕೆ ದುಡ್ಡು. 2025ರ ಜುಲೈ 1ರಿಂದ ಒಂದೊಂದು ಸಂದೇಶಕ್ಕೂ ಬೇರೆ ಬೇರೆ ಲೆಕ್ಕ. 'ಪಾರ್ಸೆಲ್ ಹೊರಟಿದೆ' ಎಂಬ ಸುದ್ದಿಗೆ ಕಡಿಮೆ ದರ, 'ಉಂಡಿ ಬಂದಿವೆ' ಎಂಬ ಕೂಗಿಗೆ ಅದರ ಹಲವು ಪಟ್ಟು. ಇದರ ಮೇಲೆ ನಡುವಿನ ಕಂಪನಿಯ ಬಾಡಿಗೆ ತಿಂಗಳು ತಿಂಗಳು. ನಿಮಗೆ ಮಾರಲು ಬಂದವರು ಯಾವ ದರ ಹೇಳಿದರು ಅಂತ ನೆನಪು ಮಾಡಿಕೊಳ್ಳಿ. ಕಡಿಮೆಯದನ್ನೇ ಹೇಳಿರುತ್ತಾರೆ. ದಿನಕ್ಕೆ ನೂರೈವತ್ತು ಮಾತುಕತೆ ದಾಟಿ, ಮೂರು ಜನ ಕೂತರೂ ಉತ್ತರ ತಡವಾಗುವ ದಿನ ಬಂದಾಗ ಇದರ ಬಗ್ಗೆ ಮತ್ತೆ ಬರೆಯಿರಿ, ಒಟ್ಟಿಗೆ ನೋಡೋಣ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಆರ್‌ಸಿಎಸ್ ಅಂತ ಯಾರಾದರೂ ಬಂದರೆ, ಅದು ಚಿತ್ರ, ಬಟನ್ ಇರುವ ಹೊಸ ಬಗೆಯ ಎಸ್ಸೆಮ್ಮೆಸ್. 2022ರಲ್ಲಿ ಭಾರತದಲ್ಲಿ ಅದರ ಮೇಲೆ ಜಾಹೀರಾತು ಎಷ್ಟು ಜಾಸ್ತಿಯಾಯಿತು ಅಂದರೆ ಗೂಗಲ್ ಅದನ್ನು ಕೆಲಕಾಲ ನಿಲ್ಲಿಸಬೇಕಾಯಿತು. ನಿಮಗೆ ಅವಸರವಿಲ್ಲ. ಇಮೇಲ್ ಕಂಪನಿಗಳ ಆರ್ಡರಿಗೆ, ಬಿಲ್ ಕಳಿಸಲು ಇಟ್ಟುಕೊಳ್ಳಿ. ಇನ್‌ಸ್ಟಾಗ್ರಾಮಿನಲ್ಲಿ ಹೊಸಬರು ಸಿಗುತ್ತಾರೆ, ಆದರೆ ಆರ್ಡರನ್ನು ಅಲ್ಲಿ ತಗೊಳ್ಳಬೇಡಿ. ವಾಟ್ಸಾಪ್ ನಂಬರ್ ಕೊಟ್ಟು ಇತ್ತ ಕರೆಯಿರಿ, ಇಲ್ಲವಾದರೆ ಎರಡು ಕಡೆ ನೋಡುವ ಗಡಿಬಿಡಿಯಲ್ಲಿ ಒಂದು ಆರ್ಡರ್ ತಪ್ಪುತ್ತದೆ.

ಪುಸ್ತಕ ಯಾಕೆ ಅಂತ ಹೇಳುತ್ತೇನೆ ಅಂದಿದ್ದೆ. 2022ರ ಅಕ್ಟೋಬರ್ 25, ದೀಪಾವಳಿಯ ಮರುದಿನ, ಗ್ರಹಣ ಇದ್ದ ದಿನ. ಮಧ್ಯಾಹ್ನ ಸುಮಾರು ಎರಡು ಗಂಟೆಗಳ ಕಾಲ ವಾಟ್ಸಾಪ್ ನಿಂತುಹೋಯಿತು. ನನಗೆ ಗೊತ್ತಿರುವ ಒಂದು ಸಿಹಿತಿನಿಸಿನ ಅಂಗಡಿಯವರು ಡೆಲಿವರಿ ಹುಡುಗರಿಗೆ ವಿಳಾಸಗಳನ್ನು ಅದರಲ್ಲೇ ಕಳಿಸುತ್ತಿದ್ದರು. ಹುಡುಗರು ಗಾಡಿ ಮೇಲೆ ಕೂತು ಫೋನ್ ನೋಡುತ್ತಾ ನಿಂತರು. ಪಕ್ಕದ ಬೀದಿಯ ಇನ್ನೊಂದು ಅಂಗಡಿಯವರು ಪುಸ್ತಕ ತೆರೆದು, ಓದಿ ಹೇಳಿ, ಕೆಲಸ ಮುಗಿಸಿದರು. ಅದಕ್ಕೆ ಒಂದು ವರ್ಷ ಮೊದಲು, 2021ರ ಅಕ್ಟೋಬರ್ 4ರಂದು, ಸುಮಾರು ಆರು ಗಂಟೆ ನಿಂತಿತ್ತು. ಎರಡು ಗಂಟೆ, ಆರು ಗಂಟೆ ಬಿಡಿ. ವಾಟ್ಸಾಪಿನಂಥದ್ದೇ, ನಮ್ಮ ದೇಶದಲ್ಲೇ ಹುಟ್ಟಿದ ಹೈಕ್ ಆ್ಯಪ್ 2021ರ ಜನವರಿಯಲ್ಲಿ ಪೂರ್ತಿ ಮುಚ್ಚಿತು. ಚೀನಾದ ವಿಚ್ಯಾಟ್ ಆ್ಯಪ್ 2020ರ ಜೂನಿನಲ್ಲಿ ಒಂದೇ ರಾತ್ರಿಯಲ್ಲಿ ನಿಷೇಧವಾಯಿತು. ಆ್ಯಪ್ ನಿಮ್ಮದಲ್ಲ. ಹೆಸರು, ನಂಬರ್, ಊರು, ಏನು ಇಷ್ಟ, ಸಂದೇಶ ಕಳಿಸಲು ಒಪ್ಪಿದ್ದಾರಾ, ಒಪ್ಪಿದ ತಾರೀಖು, ಇಷ್ಟನ್ನು ಪುಸ್ತಕದಲ್ಲೋ ಕಂಪ್ಯೂಟರಿನ ಹಾಳೆಯಲ್ಲೋ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಗ ಯಾವ ಆ್ಯಪ್ ಹೋದರೂ ಗಿರಾಕಿ ಹೋಗುವುದಿಲ್ಲ.

ಒಪ್ಪಿಗೆಯ ತಾರೀಖು ಬರೆಯಿರಿ ಅಂದದ್ದಕ್ಕೆ ಇನ್ನೊಂದು ಕಾರಣ ಕಾನೂನು. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಆಯಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಯಾಕೆ ನಂಬರ್ ತಗೊಳ್ಳುತ್ತೀರಿ ಅಂತ ಹೇಳಬೇಕು, ಒಪ್ಪಿಗೆ ಕೇಳಬೇಕು, ಬೇಡ ಅಂದರೆ ನಿಲ್ಲಿಸಬೇಕು. ಆ ಮಾತನ್ನು ಗಿರಾಕಿ ತನ್ನ ಭಾಷೆಯಲ್ಲಿ ಓದಲು ಆಗಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಕನ್ನಡವೂ ಇದೆ. ನಿಮ್ಮ ಪಾಕೀಟಿನ ಚೀಟಿ ಕನ್ನಡದಲ್ಲೇ ಇರಲಿ ಅಂದದ್ದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಹಚ್ಚಿದ್ದು ನೀವು ಕೇಳದೆ ಬಿಟ್ಟ ಒಂದು ಸಾಲು. ಸಿಮ್ ಅಕ್ಕನ ಮಗನ ಹೆಸರಿನಲ್ಲಿದೆ. ಹುಡುಗ ಒಳ್ಳೆಯವನೇ ಇರಬಹುದು. ನಾಳೆ ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಾನೆ, ಫೋನ್ ಬದಲಿಸುತ್ತಾನೆ, ರೀಚಾರ್ಜ್ ಮರೆಯುತ್ತಾನೆ. ತುಂಬ ದಿನ ಬಳಸದೆ ಬಿಟ್ಟ ನಂಬರನ್ನು ಟೆಲಿಕಾಂ ಕಂಪನಿ ಹಿಂದೆ ಪಡೆದು ಬೇರೆಯವರಿಗೆ ಕೊಡುತ್ತದೆ. ಆಗ ನಿಮ್ಮ ಗಿರಾಕಿಗಳು ಸೇವ್ ಮಾಡಿಕೊಂಡ ನಂಬರ್ ಯಾರೋ ಅಪರಿಚಿತರದ್ದಾಗಿರುತ್ತದೆ. ಅವರು ಆ ನಂಬರಿನಲ್ಲಿ ವಾಟ್ಸಾಪ್ ತೆರೆದು ದುಡ್ಡು ಕೇಳಿದರೆ ನಿಮ್ಮ ಗಿರಾಕಿ ನಂಬುತ್ತಾರೆ. ಹನ್ನೊಂದು ಮನೆಗಳು ನಡೆಯುವುದು ಆ ಒಂದು ನಂಬರಿನ ಮೇಲೆ.

ಅದಕ್ಕೆ, ಪಾಕೀಟಿನ ಚೀಟಿ ಅಚ್ಚು ಹಾಕಿಸುವ ಮೊದಲು ಈ ಕೆಲಸ ಮಾಡಿ. ನೀವು ಮತ್ತು ಅಕ್ಕನ ಮಗ ಇಬ್ಬರೂ ಆಧಾರ್ ಕಾರ್ಡ್ ತಗೊಂಡು ಆ ಸಿಮ್ ಕಂಪನಿಯ ಅಂಗಡಿಗೆ ಹೋಗಿ, ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮನೆಗೆ ಬಂದು ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ ಟೂ-ಸ್ಟೆಪ್ ವೆರಿಫಿಕೇಷನ್ ತೆರೆದು ಆರು ಅಂಕಿಯ ಪಿನ್ ಹಾಕಿ. ಆ ಪಿನ್ ನಿಮಗೂ ಮಗಳಿಗೂ ಮಾತ್ರ ಗೊತ್ತಿರಲಿ. ರೀಚಾರ್ಜ್ ಮುಗಿಯುವ ತಾರೀಖನ್ನು ಒಲೆಯ ಪಕ್ಕದ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ಮೇಲೆ ಚೀಟಿ ಅಚ್ಚಿಗೆ ಕೊಡಿ.